ಅಕ್ಕನ ಮೈ ಹೊಕ್ಕ ಸಿಟ್ಟು

ಬೇಗೂರಿಗೆ ಕೊಟ್ಟಿದ್ದ ನಮ್ಮಕ್ಕ ಮನೆಯಲ್ಲಿ ಕೋಳಿ ಕುಯ್ಯುವಾಗ ಎದ್ದು ಆಚೆ ಹೋಗುತ್ತಿದ್ದವಳು. ಅಂಥವಳು ಒಂದು ದಿನ ಗಂಡನ ಹಣೆಗೆ ಮುದ್ದೆ ಕೋಲಿನಿಂದ ಬಾರಿಸಿ ರಕ್ತ ಬರಿಸಿದಳು. ಆಮೇಲೆ ಅತ್ತೆಯತ್ತ ಕುದಿಯುವ ಸಾರು ಎರಚಿದಳು. ಪುಣ್ಯಕ್ಕೆ ಅದು ಗೋಡೆಗೆ ಬಿತ್ತು. ಎಷ್ಟು ಉಂಡರೂ ಮೈ ಕಡ್ಡಿ. ಕೈ ನಡುಕ. ಕಣ್ಣುಗುಡ್ಡೆ ಹೊರಬಂದು, ಕತ್ತು ಊದಿಕೊಂಡಿತ್ತು.

“ಗಾಳಿ ಮೆಟ್ಕಂಡದೆ” ಅಂದರು ಅತ್ತೆ. ಗಾಳಿ ಬಿಡಿಸಲು ಹುಣಸೆ ಮರದ ಬರಲಿನಲ್ಲಿ ಬಾರಿಸುವುದು ನಮ್ಮ ಕಡೆ ರೂಢಿ. ಏಟು ಗಾಳಿಗೆ ಬೀಳುತ್ತದೆಯೇ ಹೊರತು ಹೆಂಗಸಿಗಲ್ಲ ಅಂತ ನಂಬಿಕೆ. ಬಾವ ಮಂತ್ರ ಹಾಕುವವನನ್ನು ಕರೆಸಿದ.

ಸುದ್ದಿ ತಿಳಿದು ಗುಂಡ್ಲುಪೇಟೆಯಿಂದ ನಾನೂ ಅವ್ವನೂ ಓಡಿದೆವು. ಅಕ್ಕನನ್ನು ಜಗಲಿ ಕಂಬಕ್ಕೆ ಕಟ್ಟಿದ್ದರು. ರವಿಕೆ ಹರಿದು ಬೆನ್ನೆಲ್ಲ ಬಾಸುಂಡೆ.

“ಓಗ್ತೀಯೋ ಇಲ್ವೋ?” ಎನ್ನುತ್ತಾ ಮಂತ್ರದವನು ಬರಲು ಬೀಸಿದ.

“ನಿಮ್ಮಪ್ಪನ ಮನೆಗೆ ಓಗ್ತೀನಿ, ಕಟ್ಟು ಬಿಚ್ಲಾ” ಎಂದು ಅಕ್ಕ ಅವನ ಮುಖಕ್ಕೆ ಉಗಿದಳು.

“ನೋಡಿ, ಗಾಳಿನೇ ಮಾತಾಡ್ತಾ ಅದೆ” ಅಂದ ಅವನು, ಸುತ್ತಲಿನವರ ಕಡೆ ತಿರುಗಿ.

ಮುಂದಿನ ಏಟಿಗೆ ಅಕ್ಕನ ಕತ್ತು ವಾಲಿತು. ಅವ್ವ ಎದೆಗೆ ಕಿವಿಯಿಟ್ಟು, “ಗುಂಡ್ಗೆ ಕಿತ್ಕಂಡು ಬರಂಗೆ ಒಡ್ಕತಾ ಅದೆ, ಇವ್ಳು ಉಳಿಯಕಿಲ್ಲ ಕಣಪ್ಪ” ಅಂದಳು. ನಾನು ಹಗ್ಗ ಕುಯ್ದೆ.

ಚಾಮರಾಜನಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿದ ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಕತ್ತಿನ ಥೈರಾಯ್ಡ್ ಗ್ರಂಥಿಯ ಜೀವಕೋಶಗಳ ಮೇಲೆ ಗ್ರಾಹಕ ಅನ್ನುವ ಪುಟ್ಟ ಪೀಠಗಳಿರುತ್ತವಂತೆ. ಮೆದುಳಿನ ಕೆಳಗಿನಿಂದ ಬರುವ ಹಾರ್ಮೋನು ಅವುಗಳ ಮೇಲೆ ಕೂತರೆ ಗ್ರಂಥಿಗೆ ಕೆಲಸ, ಎದ್ದರೆ ಬಿಡುವು. ರೋಗಾಣುಗಳ ಮೇಲೆ ಬೀಳಬೇಕಾದ ಪ್ರತಿಕಾಯಗಳು ಅಕ್ಕನ ಮೈಯಲ್ಲಿ ದಾರಿ ತಪ್ಪಿ ಆ ಗ್ರಾಹಕಗಳ ಮೇಲೇ ಕೂತಿದ್ದವು. ಏಳುವ ಮಾತೇ ಇಲ್ಲ. ಗ್ರಂಥಿ ಬಿಡುವಿಲ್ಲದೆ ದುಡಿದು ದುಡಿದು ಎದೆಬಡಿತ, ನಡುಕ, ಸಿಟ್ಟು. “ಇನ್ನೂ ಹೊಡೆದಿದ್ದರೆ ಹೃದಯ ನಿಂತುಹೋಗುತ್ತಿತ್ತು” ಅಂದರು.

ಮಾತ್ರೆ ನುಂಗುತ್ತಾ ಅಕ್ಕ ನಮ್ಮಲ್ಲೇ ಉಳಿದಳು. ಮೈ ತುಂಬಿಕೊಂಡಿತು, ನಗು ಬಂತು. ಒಂದು ಬೆಳಿಗ್ಗೆ ಬಾವ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ.

“ಆದದ್ದು ಆಗೋಯ್ತು. ನೀನೂ ಒಡ್ದೆ, ನಾನೂ ಒಡ್ಸ್ದೆ. ಸರಿಗೆ ಸರಿ ಆಯ್ತಲ್ಲ, ನಡಿ ಓಗನ.”

ಅಕ್ಕ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ನಾನು ಒಡ್ದದ್ದು ಕಾಯ್ಲೆಲಿ. ಅದ್ಕೆ ದಿನಾ ಮಾತ್ರೆ ನುಂಗ್ತಾ ಇವ್ನಿ. ನೀವ್ಯಾವ ಮಾತ್ರೆ ತಕಂಡ್ರಿ?”

ಬಾವ ಅವ್ವನ ಮುಖ ನೋಡಿದ. ಅವ್ವ ತಟ್ಟೆ ಇಟ್ಟು, “ಉಂಡ್ಕಂಡು ಓಗಪ್ಪ, ಬಸ್ಸಿಗೆ ಇನ್ನೂ ಒತ್ತು ಅದೆ” ಅಂದಳು. ಅವನು ಉಂಡು, ಒಬ್ಬನೇ ಬೇಗೂರಿನ ಬಸ್ಸು ಹತ್ತಿದ.