ಙ ಅಂದರೆ ಐದು, ಞ ಅಂದರೆ ಮೀನು

ಓಣಿಯವರೆಲ್ಲ ಅವರನ್ನು ಬೇರಮ್ಮ ಎನ್ನುತ್ತಿದ್ದರು. ನಾಟಿ ಔಷಧಿ ಕೊಡುವವರಿರಬೇಕು ಎಂದು ನಾನು ಮೊದಲು ತಿಳಿದಿದ್ದೆ. ಅವರು ಹುಡುಕುತ್ತಿದ್ದುದು ಮಾತಿನ ಬೇರು. ಚೀನಿ, ಟಿಬೇಟಿ, ಬರ್ಮೀ ಎಲ್ಲ ಒಂದೇ ತಾಯಿಯ ಮಕ್ಕಳಂತೆ. ಆ ತಾಯಿಯ ಮಾತು ಕೇಳಿದವರಿಲ್ಲ, ಬರೆದಿಟ್ಟವರೂ ಇಲ್ಲ. ಮಕ್ಕಳ ಮಾತನ್ನು ಒಂದರ ಪಕ್ಕ ಒಂದಿಟ್ಟು, ಅವಳು ಹೇಗೆ ಅಂದಿರಬೇಕು ಎಂದು ಬೇರಮ್ಮ ಊಹಿಸುವರು. ಒಂದು ಪದಕ್ಕೆ ಒಂದು ಚೀಟಿ, ಒಂದು ಅರ್ಥಕ್ಕೆ ಒಂದು ಡಬ್ಬಿ.

ನಮ್ಮ ಯಜಮಾನರು ತೀರಿಕೊಂಡ ವರ್ಷ ಆ ಡಬ್ಬಿಗಳ ಧೂಳು ಹೊಡೆಯಲು ಬೇರಮ್ಮ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ನಾನು ಓದಿದ್ದು ಎರಡನೇ ಕ್ಲಾಸು. ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ.

ಆ ಪದಗಳ ಬಗ್ಗೆ ಬೇರಮ್ಮ ಬರೆದ ಪುಸ್ತಕ ಅಚ್ಚಿಗೆ ಹೋಗುವ ವಾರ, ಒರೆಸುವಾಗ ಐದರ ಡಬ್ಬಿಯಿಂದ ಒಂದು, ಮೀನಿನ ಡಬ್ಬಿಯಿಂದ ಒಂದು ಚೀಟಿ ಕೆಳಗೆ ಬಿದ್ದವು. ನೋಡಿದರೆ ಎರಡರ ಮೇಲೂ ಒಂದೇ ಬರಹ, ಅಚ್ಚು ಹೊಡೆದ ಹಾಗೆ. ಎರಡು ಸಲ ಬರೆದಿದ್ದಾರೆ ಎಂದುಕೊಂಡು ಎರಡನ್ನೂ ಐದಕ್ಕೇ ಸೇರಿಸಿದೆ.

ಮರುದಿನ ಬೇರಮ್ಮ ಮಂಡಿಯೂರಿ ಬೀರುವಿನ ಕೆಳಗೆ ಕೈಯಾಡಿಸುತ್ತಿದ್ದರು.

“ಮೀನಿನ ಬರ್ಮೀ ಚೀಟಿ ಕಾಣ್ತಿಲ್ಲ ಕಣೇ. ಮೂವತ್ತು ವರ್ಷದಲ್ಲಿ ಒಂದೂ ಕಳೆದಿರ್ಲಿಲ್ಲ.”

ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವರು ಹುಡುಕುತ್ತಲೇ ಇರುತ್ತಾರೆ.

“ಅಮ್ಮಾ, ಅದು ಐದರಲ್ಲಿದೆ. ಜೋಡಿ ಅಂತ ನಾನೇ ಹಾಕ್ದೆ. ನನ್ನ ಕಳ್ಸಿಬಿಡಿ.”

ಅವರು ಎರಡು ಚೀಟಿಯನ್ನೂ ತೆಗೆದು ನೋಡಿದರು. ಆಮೇಲೆ ನೆಲದ ಮೇಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಕಲಸಿಟ್ಟಿರೋದು ನೀನಲ್ಲ, ಬರ್ಮೀಯವರು! ಅವರಿಗೆ ಐದೂ ಙಾ, ಮೀನೂ ಙಾ.”

“ಹಾಗಾದ್ರೆ ಬೇರೆ ಬೇರೆ ಅಂತ ನಿಮಗೆ ಯಾರು ಹೇಳಿದ್ರು?”

“ಬರ್ಮೀಯ ಅಕ್ಕ. ಟಿಬೇಟಿ ಕೇಳು, ಐದು ಙಾ, ಮೀನು ಞಾ. ತಂಗಿ ಮರೆತಿದ್ದು ಅಕ್ಕನಿಗೆ ನೆನಪಿರತ್ತೆ. ಕೆಲವು ಸಲ ತಂಗಿಯೇ ಜಾಣೆ.”

ಎರಡು ಅಕ್ಷರಗಳನ್ನೂ ದಪ್ಪಗೆ ಬರೆದು ತೋರಿಸಿದರು. ಶಾಲೆಯಲ್ಲಿ ಅವನ್ನು ತಿದ್ದಿ ತಿದ್ದಿ ಬೆರಳು ನೋಯಿಸಿಕೊಂಡಿದ್ದೆ. ಆಮೇಲೆ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ. ಇಲ್ಲಿ ಪಾಪ, ದುಡಿಯುತ್ತಿದ್ದವು.

“ಸರಿ, ನಾನು ಹೊರಡ್ಲಾ ಅಮ್ಮಾ?”

“ಎಲ್ಲಿಗೆ? ಪ್ರತಿ ಚೀಟಿ ಬೆನ್ನಿಗೂ ಅದು ಯಾವ ಡಬ್ಬೀದು ಅಂತ ಬರೀಬೇಕು. ತಪ್ಪು ಮಾಡಿದವಳೇ ಬರೀಲಿ. ತಗೋ ಪೆನ್ಸಿಲ್ಲು.”

ನಾಲ್ಕು ಸಾವಿರದ ಇನ್ನೂರ ಹದಿನಾರು ಚೀಟಿ. ‘ಕಣ್ಣು’, ‘ನಾಯಿ’, ‘ಹೆಸರು’ ಎಂದು ಬರೆಯುತ್ತಾ ಹನ್ನೊಂದು ತಿಂಗಳು ಹಿಡಿಯಿತು. ಮೊದಲ ನೂರರಲ್ಲಿ ಒತ್ತಕ್ಷರವೆಲ್ಲ ತಪ್ಪು. ಬೇರಮ್ಮ ರಬ್ಬರು ಮುಂದಕ್ಕೆ ತಳ್ಳುತ್ತಿದ್ದರು. ಈಗ ಅವರಿಲ್ಲ. ಅವರ ವಿಷಯ ಇಷ್ಟಾದರೂ ನನ್ನ ಕೈಯಾರೆ ಬರೆದೆನಲ್ಲ, ಅದು ಅವರು ಕೊಟ್ಟದ್ದು.