ಆರು ಗಂಟೆಯ ನೀರು

ಏಪ್ರಿಲ್ ತಿಂಗಳ ಒಂದು ನಸುಕಿನಲ್ಲಿ ಉರ್ವದ ಮನೆಯಿಂದ ಹೊರಟು, ಹಂಪನಕಟ್ಟೆಯಲ್ಲಿ ಮೊದಲ ಬಸ್ಸು ಹಿಡಿದೆ. ಟಿಕೆಟ್ಟಿಗೆ ಒಂದೂಕಾಲು ರೂಪಾಯಿ, ದಾರಿ ಮುಕ್ಕಾಲು ಗಂಟೆಯದು. ನಂತೂರು ದಾಟುವಾಗ ಲಾರಿಗಳ ದೀಪಗಳು ಮಬ್ಬಿನಲ್ಲಿ ತೇಲಿ ಬರುತ್ತಿದ್ದವು.

ಹಿಂದಿನ ತಿಂಗಳು, ಹೊಳೆಬದಿಯ ಒಂದು ಹಳ್ಳಿಯಿಂದ ಬಂದ ದೂರಿನ ಕಾರ್ಡನ್ನು ನಂಬಿ ನಾನು ಪತ್ರಿಕೆಗೆ ಬರೆದಿದ್ದೆ. ಬೆಳಿಗ್ಗೆ ಆರಕ್ಕೆ ಬಿಡಬೇಕಾದ ಸಾರ್ವಜನಿಕ ನೀರನ್ನು ಮನಸ್ಸು ಬಂದಾಗ ಬಿಡುವ ಪಂಪ್ ಆಪರೇಟರ್ ಯಾರಿಗೆ ಉತ್ತರ ಹೇಳಬೇಕು ಎಂದು ಕೇಳಿದ್ದೆ. ಆತನಿಗೆ ಮೆಮೋ ಹೋಯಿತು: ನಾನು ಹೊರಟ ಆ ದಿನ ಸಂಜೆಯೊಳಗೆ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ವಜಾ. ನನ್ನ ಆರೋಪವನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಲು ಹೊರಟಿದ್ದೆ.

ಆರಕ್ಕೆ ಸರಿಯಾಗಿ ತಲುಪಿದೆ. ಪಂಪ್ ಮನೆ ಮೌನವಾಗಿತ್ತು. ಆಪರೇಟರ್ ಸಂಜೀವಣ್ಣ ಹೊಳೆಯ ಮೆಟ್ಟಿಲಲ್ಲಿ ಕುಳಿತು, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿ, ಉಗುಳಿದರು.

“ಗಂಟೆ ಆರಾಯಿತು,” ಎಂದೆ.

“ಹೊಳೆಗೆ ವಾಚು ಕಟ್ಟಿದವರು ಯಾರು ಮಾರಾಯ್ರೆ? ರುಚಿ ನೋಡಿ.”

ಬಾಯಿಗಿಟ್ಟೆ. ಕಡಲಿನ ಉಪ್ಪು. ಬೇಸಿಗೆಯಲ್ಲಿ ಉಬ್ಬರದೊಂದಿಗೆ ಸಮುದ್ರ ಇಲ್ಲಿಯವರೆಗೆ ಏರಿ ಬರುತ್ತದೆ. ಅದು ಇಳಿಯುವ ಹೊತ್ತು ದಿನವೂ ಮುಕ್ಕಾಲು ಗಂಟೆ ತಡವಾಗುತ್ತದೆ. ನಗರದ ಕಚೇರಿಯ ವೇಳಾಪಟ್ಟಿಯಲ್ಲಿ ಮಾತ್ರ ವರ್ಷವಿಡೀ ಆರು ಗಂಟೆ.

“ಇದನ್ನು ಕಚೇರಿಗೆ ತಿಳಿಸಿಲ್ಲವೇ?”

“ಮೂರು ಸಲ ಬರೆದಿದ್ದೇನೆ. ನೀವು ಬರೆದದ್ದು ಒಂದೇ ಸಲ. ಅದಕ್ಕೆ ಕೂಡಲೇ ಉತ್ತರ ಬಂತು, ನೋಡಿ.”

ನಾನು ಕೇಳಿಕೊಂಡಾಗ ಅವರು ಎರಡು ಖಾಲಿ ಸೀಸೆ ಕೊಟ್ಟರು. ಒಂದರಲ್ಲಿ ಆಗಲೇ ಆ ಉಪ್ಪುನೀರು ತುಂಬಿಸಿಕೊಂಡೆ.

ಆಮೇಲೆ ಕಾದೆವು. ಹೊಳೆ ಹಿಮ್ಮುಖವಾಗಿ ಹರಿಯುತ್ತಿತ್ತು. ಒಣ ಎಲೆಗಳು ಬಂದ ದಾರಿಯನ್ನೇ ನೆನೆದುಕೊಂಡವುಗಳಂತೆ ಮೇಲಕ್ಕೆ ಹೊರಟಿದ್ದವು. ಗುಡ್ಡದ ಮೇಲಿನ ಟ್ಯಾಂಕು ನೆಲ ಬಿಟ್ಟು ಆಕಾಶದಲ್ಲಿ ನಿಂತಂತಿತ್ತು. ಯಾವಾಗಲೋ ಎಲೆಗಳು ನಿಂತವು. ನಿದ್ದೆಯಲ್ಲಿ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ, ಕಡಲ ಕಡೆಗೆ ತಿರುಗಿದವು. ಸಂಜೀವಣ್ಣ ಮತ್ತೆ ಮತ್ತೆ ರುಚಿ ನೋಡಿ ಉಗುಳುತ್ತಿದ್ದರು. ಒಂಬತ್ತರ ಹೊತ್ತಿಗೆ ಬಾಯಲ್ಲಿದ್ದುದನ್ನು ನುಂಗಿದರು. ಎದ್ದು ಪಂಪು ಚಾಲೂ ಮಾಡಿದರು. ಎರಡನೆಯ ಸೀಸೆ ತುಂಬಿತು.

ಊರಿನ ನಳ್ಳಿಯ ಬಳಿ ಕೊಡ ಹಿಡಿದು ನಿಂತಿದ್ದ ಲೀಲಕ್ಕ ಎಂಬವರನ್ನು ಪರಿಚಯ ಹೇಳಿ ಮಾತನಾಡಿಸಿದೆ.

“ಪೇಪರಿಗೆ ಬರೆದವರು ನೀವಾ? ತಡವಾದರೆ ಬೇಸರ ಉಂಟು, ಇಲ್ಲ ಅಂತ ಅಲ್ಲ. ಸಂಜೀವಣ್ಣ ರಜೆಯಲ್ಲಿದ್ದಾಗ ಬದಲಿಯವನು ಆರಕ್ಕೇ ಬಿಟ್ಟ. ಅವತ್ತು ಗಂಜಿಗೆ ಉಪ್ಪು ಹಾಕುವ ಕೆಲಸವೇ ಇರಲಿಲ್ಲ!” ಎಂದು ನಕ್ಕರು. ನಗು ನಿಂತ ಮೇಲೆ ಕೇಳಿದರು: “ಇವರನ್ನು ತೆಗೆದರೆ ನಾವು ಎಂತ ಕುಡಿಯುವುದು?”

ಮರಳುವ ಬಸ್ಸಿನಲ್ಲಿ ಸೀಸೆಗಳನ್ನು ಮಡಿಲಲ್ಲಿ ಹಿಡಿದು ಕುಳಿತೆ. ನೋಡಲು ಎರಡೂ ಒಂದೇ. ಬಿಸಿಲು ಎರಡರಲ್ಲೂ ಒಂದೇ ಬಗೆಯಲ್ಲಿ ಆಡುತ್ತಿತ್ತು.

ಮಧ್ಯಾಹ್ನ ನಗರದ ಕಚೇರಿಯಲ್ಲಿ, ಮೆಮೋಗೆ ಸಹಿ ಹಾಕಿದ್ದ ಎಂಜಿನಿಯರರ ಮೇಜಿನ ಮೇಲೆ ನನ್ನ ತಪ್ಪೊಪ್ಪಿಗೆಯ ಪತ್ರವನ್ನಿಟ್ಟೆ. ಅದರ ಪಕ್ಕದಲ್ಲಿ ಮೊದಲ ಸೀಸೆಯನ್ನು.

“ನಿಮ್ಮ ಆರು ಗಂಟೆಯ ನೀರು. ಕುಡಿಯಿರಿ, ಸರ್.”

ಒಂದು ಗುಟುಕಿಗೇ ಅವರು ಮುಖ ಕಿವುಚಿದರು. ಕೈ ಎರಡನೆಯ ಸೀಸೆಯತ್ತ ಚಾಚಿತು. ನಾನು ಅದನ್ನು ಹಿಂದಕ್ಕೆಳೆದುಕೊಂಡೆ.

“ಇದು ಸಂಜೀವಣ್ಣನ ನೀರು. ಮೊದಲು ಮೆಮೋ ಹಿಂದೆ ತೆಗೆದುಕೊಳ್ಳಿ.”

ಅವರು ಗೋಡೆಯ ಗಡಿಯಾರವನ್ನೊಮ್ಮೆ ನೋಡಿದರು. ಬಳಿಕ ಮೆಮೋದ ಪ್ರತಿಯನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.