ಬಂದರಿನಲ್ಲಿ ಶಾಂತಕ್ಕ ಹಾಕಿದ ಮೊಳ

ಮೇ ತಿಂಗಳ ಒಂದು ಸಂಜೆ ನಾನು, ನನ್ನ ನೆಗೆಣ್ಣಿ ಶಾಂತಕ್ಕ ವಿಜಯಪುರದಲ್ಲಿ ಕರಾವಳಿಯ ಬಸ್ಸು ಹತ್ತಿದೆವು. ಗಾಂಧಿ ಚೌಕದಿಂದ ನಿಲ್ದಾಣದವರೆಗೆ ಆಟೋದಲ್ಲಿ ಬೆಂದು ಹೋಗಿದ್ದೆವು. ಶಾಂತಕ್ಕನ ಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬಂದರಿನಿಂದ ಮಾಲು ವಾಪಸ್ ತರಲು ಬರೆಸಿದ ಕಾಗದ.

ಅವಳು ಬಿಜ್ಜರಗಿಯಲ್ಲಿ ದ್ರಾಕ್ಷಿ ಬೆಳೆದು, ಒಣಗಿಸಿ ಮಣೂಕ ಮಾಡುತ್ತಾಳೆ, ನಾನು ವಿಜಯಪುರದ ಜೋರಾಪುರ ಪೇಟೆಯಲ್ಲಿ ಕೂತು ಮಾರುತ್ತೇನೆ. ಈ ಸಲ ಮೊದಲ ಬಾರಿಗೆ ಅವಳ ವರ್ಷದ ಮಾಲೆಲ್ಲ ಹಡಗಿನಲ್ಲಿ ಪರದೇಶಕ್ಕೆ ಹೊರಟಿತ್ತು. ಕಂಟೇನರ್ ಬಂದರು ಮುಟ್ಟಿದ ಮರುದಿನವೇ ಚಂಡಮಾರುತದ ಸುದ್ದಿ ಬಂತು, ಹಡಗು ಹೊರಡುವುದು ಒಂದು ವಾರ ಮುಂದಕ್ಕೆ ಹೋಯಿತು. ಶಾಂತಕ್ಕನಿಗೆ ಅನ್ನ ಸೇರಲಿಲ್ಲ. ಬಂದರನ್ನು ಕಣ್ಣಾರೆ ನೋಡಿ, ನಂಬಿಕೆ ಬರದಿದ್ದರೆ ಮಾಲು ವಾಪಸ್ ತರುವುದೆಂದು ಹೊರಟಳು. ಹಿಂದಿನ ವರ್ಷ ಅಕಾಲ ಮಳೆಗೆ ಅವಳ ಶೆಡ್ಡಿನಲ್ಲಿ ಒಣಹಾಕಲು ಒಂದರ ಮೇಲೊಂದು ಕಟ್ಟಿದ ಬಲೆಗಳಲ್ಲಿ ಕೆಳಗಿನ ಬಲೆಯ ಹಣ್ಣೆಲ್ಲ ತೊಯ್ದು ಕಪ್ಪಾಗಿತ್ತು.

"ಮಳಿ ಬಂದ್ರ ಕೇಡಲ್ಲ ಅಂತ ಹಿರ್ಯಾರು ಅಂದಾರಲ್ಲ ಅಕ್ಕಾ" ಎಂದೆ.

"ಅವರು ಮಣೂಕ ಮಾಡಿದ್ದಿಲ್ಲ, ಸುಮ್ಮನ ಕೂಡು!" ಎಂದಳು.

ಬೆಳಗ್ಗೆ ಕರಾವಳಿಯಲ್ಲಿ ಕಣ್ಣುಬಿಟ್ಟರೆ ಮೈಯೆಲ್ಲ ಅಂಟಂಟು. ಕುಚ್ಚಲಕ್ಕಿ ಗಂಜಿ ಕುಡಿದು ಬಂದರಿಗೆ ಹೋದೆವು. ಬಾಗಿಲಲ್ಲಿ ಚೀಟಿ ಬರೆದು, ತಲೆಗೆ ಹಳದಿ ಟೊಪ್ಪಿಗೆ ಕೊಟ್ಟರು. ಸೆರಗಿನ ಮೇಲೆ ಟೊಪ್ಪಿಗೆ ಇಟ್ಟ ಶಾಂತಕ್ಕನನ್ನು ನೋಡಿ ನನಗೆ ನಗು ತಡೆಯಲಿಲ್ಲ. ಅವಳು ಕೆಕ್ಕರಿಸಿ ನೋಡಿದಳು.

ಕಂಟೇನರ್ ಇಡುವ ಅಂಗಳ ತೋರಿಸಿದವರು ಅಲ್ಲಿನ ಎಂಜಿನಿಯರ್ ಪ್ರಭಾಕರ, ಮೆತ್ತಗೆ ಮಾತಾಡುವ ಮನುಷ್ಯ. "ಸಮುದ್ರ ಏರುತ್ತಿದೆ, ಮಳೆಯೂ ಒಮ್ಮೆಲೇ ಸುರಿಯುತ್ತದೆ. ಹಳೆಯ ಅಂದಾಜು ಈಗ ನಡೆಯುವುದಿಲ್ಲ ಅಮ್ಮ" ಎಂದರು. ಮುನ್ಸೂಚನೆ ಬಂದರೆ ಮೊದಲು ತಗ್ಗಿನ ಅಂಗಳ ಖಾಲಿ ಮಾಡುತ್ತಾರಂತೆ, ಆಮೇಲೆ ಕ್ರೇನುಗಳನ್ನು ಕಟ್ಟಿಹಾಕುತ್ತಾರಂತೆ. ಚರಂಡಿಯ ಬಾಯಿಗೆ ಕಬ್ಬಿಣದ ಬಾಗಿಲಿತ್ತು. ಉಬ್ಬರ ಬಂದಾಗ ಅದು ಮುಚ್ಚಿಕೊಳ್ಳುತ್ತದೆ, ಕಡಲು ಒಳಗೆ ನುಗ್ಗುವುದಿಲ್ಲ.

"ಬಾಗಲಾ ಹಾಕಿದ ಮ್ಯಾಲ ಒಳಗಿನ ಮಳಿನೀರು ಎತ್ತಾಗ ಹೋಗತೈತ್ರಿ?" ಎಂದಳು ಶಾಂತಕ್ಕ.

"ಪಂಪು ಎತ್ತಿ ಹಾಕುತ್ತದೆ."

"ಕರೆಂಟ್ ಹ್ವಾದ್ರ?"

ಪ್ರಭಾಕರ ನಕ್ಕು, ಎತ್ತರದ ಕಂಬಗಳ ಮೇಲೆ ಕೂರಿಸಿದ ಜನರೇಟರ್ ತೋರಿಸಿದರು. ಬೋರ್‌ವೆಲ್ ಇಟ್ಟುಕೊಂಡವರನ್ನು ಈ ವಿಷಯದಲ್ಲಿ ಯಾರೂ ಯಾಮಾರಿಸಲಾಗದು.

ನಮ್ಮ ಕಂಟೇನರ್ ಸಿಕ್ಕಿತು. ಒಂದರ ಮೇಲೊಂದು ಪೇರಿಸಿದ ಮೂರರಲ್ಲಿ ಎಲ್ಲಕ್ಕಿಂತ ಕೆಳಗೆ! ಭಾರದ್ದು ಕೆಳಗಿರಬೇಕಂತೆ. ಶಾಂತಕ್ಕನ ಮುಖ ಬಾಡಿತು. "ಯವ್ವಾ, ಇಲ್ಲೂ ಕೆಳಗಿನ ಬಲಿನಾಗ ಬಿತ್ತಲ್ಲ ಗೌರಿ!" ಎಂದು ಕಾಗದ ಹೊರಗೆ ತೆಗೆದಳು. ವಾಪಸ್ ತಂದರೆ ಅಷ್ಟು ಮಾಲನ್ನು ಪೇಟೆಯಲ್ಲಿ ಹೇಗೆ ಮಾರುವುದೆಂದು ನಾನು ಲೆಕ್ಕ ಹಾಕತೊಡಗಿದೆ.

ಅಂಗಳದ ಅಂಚಿನಲ್ಲಿ ಹಳೆಯ ಗೋದಾಮಿನ ಗೋಡೆಯಿತ್ತು. ಹಿಂದೆ ಒಮ್ಮೆ ನೀರು ನಿಂತ ಕಂದು ಗೆರೆ ಅದರ ಮೇಲೆ ಉಳಿದಿತ್ತು. ಪ್ರಭಾಕರ ಅದನ್ನು ತೋರಿಸಿ, ಆಮೇಲೆಯೇ ಅಂಗಳ ಏರಿಸಿದೆವು ಎಂದರು. ಶಾಂತಕ್ಕ ಸೀರೆ ಎತ್ತಿ ಕಟ್ಟಿ ಹಳೆಯ ನೆಲಕ್ಕೆ ಇಳಿದಳು. ಗೋಡೆಗೆ ಮೊಣಕೈ ಹಚ್ಚಿ ಮೊಳ ಹಾಕಿದಳು. ಗೆರೆಗೆ ಎರಡು ಮೊಳ. ಹೊಸ ಅಂಗಳದ ಅಂಚಿಗೆ ಮೂರು.

"ಒಂದು ಮೊಳ ಸಾಕೇನ್ರಿ ಸಾಹೇಬ್ರ?"

"ನಮ್ಮ ಕಾಲಕ್ಕೆ ಸಾಕು ಅನ್ನಿಸುತ್ತದೆ. ಮಕ್ಕಳ ಕಾಲಕ್ಕೆ ಸಾಲದು. ಮುಂದೆ ಮತ್ತೆ ಏರಿಸಲು ಬರುವ ಹಾಗೆ ಅಡಿಪಾಯ ಹಾಕಿದ್ದೇವೆ."

 ಶಾಂತಕ್ಕ ಕಾಗದ ಮಡಚಿ ಚೀಲಕ್ಕೆ ಹಾಕಿದಳು. "ಸಾಲೂದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ನಂಬಿಗಿ ಬಂತ. ಮಾಲ ಇಲ್ಲೇ ಇರಲಿ ಬಿಡ ಗೌರಿ" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಆ ಸಂಜೆ ದಂಡೆಯಲ್ಲಿ ಕೂತು ಉಳಿದ ರೊಟ್ಟಿ ತಿಂದೆವು. ಕಡಲನ್ನು ಮೊದಲ ಸಲ ಕಂಡ ಶಾಂತಕ್ಕ ಕಾಲು ತೋಯಿಸಿಕೊಂಡು ಕೇಕೆ ಹಾಕಿದಳು.

ಊರಿಗೆ ಮರಳಿದ ಆರನೆಯ ದಿನ ಪ್ರಭಾಕರ ಫೋನ್ ಮಾಡಿದರು. ಚಂಡಮಾರುತ ದೂರದಲ್ಲೇ ಹಾದುಹೋಯಿತು, ಆದರೂ ಹಳೆಯ ನೆಲದ ಮೇಲೆ ಗೋಡೆಯ ಗೆರೆ ದಾಟಿ ನೀರು ಬಂತು, ಹೊಸ ಅಂಗಳ ಒಣಗಿಯೇ ಇದೆ, ನಿಮ್ಮ ಮಾಲು ಹಡಗು ಹತ್ತಿತು ಎಂದರು. "ನಿಮ್ಮ ಅಕ್ಕನಿಗೆ ಹೇಳಿ. ಅವರ ಲೆಕ್ಕದಲ್ಲಿ ಅಂಗಳದ ಅಂಚಿಗೆ ಇನ್ನೂ ಅರ್ಧ ಮೊಳ ಉಳಿಯಿತು."

ಸಿಹಿ ಸುದ್ದಿಗೆ ಪೇಢೆ ಕಟ್ಟಿಸಿಕೊಂಡು, ತಿಕೋಟಾ ಮೇಲೆ ಹಾಯ್ದು ಬಿಜ್ಜರಗಿಗೆ ಹೋದೆ. ಶಾಂತಕ್ಕ ಖಾಲಿ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೆಲದಿಂದ ಕೆಳಗಿನ ಬಲೆಗೆ ಮೊಳ ಹಾಕುತ್ತಿದ್ದಳು. ಸುದ್ದಿ ಕೇಳಿ ಕಣ್ಣೊರೆಸಿಕೊಂಡು ನಕ್ಕಳು. ಪೇಢೆಯನ್ನು ದವಡೆಗೆ ಒತ್ತಿ, ಬಲೆಯ ತಂತಿಯ ಒಂದು ತುದಿ ನನ್ನ ಕೈಗೆ ಕೊಟ್ಟಳು.

"ಹಿಡಿ ಗೌರಿ. ಇದನ್ನ ಒಂದು ಮೊಳ ಏರಸೂಣು. ಮತ್ತ ಏರಸಾಕ ಬರೂಹಂಗ ಗಂಟ ಹಾಕ."